ಪೆಡಲ್ ತುಳಿದಾಗಿನ ಆ ಅರ್ಧ ಸೆಕೆಂಡಿನ ಗ್ಯಾಪ್

ಆಟೋಕ್ರಾಸ್‌ನಲ್ಲಿ, ಅಂದರೆ ಮೈದಾನದಲ್ಲಿ ಕೋನ್ ಇಟ್ಟು ನಡೆಸುವ ಕಾರ್ ಓಟದಲ್ಲಿ, ಕೋನ್ ಸುತ್ತಿ ಹೊರಗೆ ಬರುವಾಗ ಪೆಡಲ್ ತುಳಿದರೆ ಗಾಡಿ ಆ ಕ್ಷಣಕ್ಕೇ ಎಳೆಯಬೇಕು. ನನ್ನ ಮಾರುತಿ ಎಸ್ಟೀಮ್ ಎಳೆಯುತ್ತಿರಲಿಲ್ಲ. ಅರ್ಧ ಸೆಕೆಂಡ್ ಏನೂ ಇಲ್ಲ, ಆಮೇಲೆ ಒಮ್ಮೆಲೇ ಜಿಗಿತ. ನಮ್ಮ ಗ್ಯಾರೇಜ್‌ನಲ್ಲಿ ಇದನ್ನು 'ಗ್ಯಾಪ್ ಹೊಡಿತೈತಿ' ಅನ್ನುತ್ತಾರೆ. ಕಾರ್ಬೊರೇಟರ್ ಗಾಡಿಯಾಗಿದ್ದರೆ ಪೆಡಲ್ ತುಳಿದಾಗ ಹೆಚ್ಚುವರಿ ಪೆಟ್ರೋಲ್ ಚಿಮ್ಮಿಸುವ ಪಂಪಿನ ಡಯಾಫ್ರಾಮ್ ನೋಡು ಅಂತ ಹೇಳಿ ಮುಗಿಸುತ್ತಿದ್ದರು. ಇಲ್ಲಿ ಡಯಾಫ್ರಾಮ್ ಇಲ್ಲ. ಆ ಕೆಲಸ ಮಾಡುವುದು ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಒಳಗಿನ ಕೆಲವು ಸಂಖ್ಯೆಗಳು. ಆ ಸಂಖ್ಯೆಗಳನ್ನು ಕೂರಿಸಿದ್ದು ಹೇಗೆ ಅಂತ ಬಿಡಿಸಿ ಬರೆಯುತ್ತೇನೆ. ಕನ್ನಡದಲ್ಲಿ ಹುಡುಕಿದಾಗ ನನಗೆ ಬೇಕಾದದ್ದು ಸಿಗಲಿಲ್ಲ, ಮುಂದಿನವರಿಗಾದರೂ ಸಿಗಲಿ.

ಇಂಜಿನ್ ಜಿ13ಬಿಬಿ. 1298 ಸಿಸಿ, ನಾಲ್ಕು ಸಿಲಿಂಡರ್, 16 ವಾಲ್ವ್, ಮೇಲೆ ವಾಲ್ವ್ ತೆರೆಯುವ ಕ್ಯಾಮ್ ಒಂದೇ. ಜಿಪ್ಸಿ ಕಿಂಗ್‌ಗೂ ಇದೇ ಇಂಜಿನ್ ಬರುತ್ತಿತ್ತು, ಹಾಗಾಗಿ ಬೆಳಗಾವಿಯಲ್ಲಿ ಸಾಮಾನಿಗೂ ಕೈ ಪಳಗಿದ ಮಿಸ್ತ್ರಿಗಳಿಗೂ ಕೊರತೆ ಇಲ್ಲ. ಇಲ್ಲಿನ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಫೌಂಡ್ರಿ, ಲೇತ್, ಗ್ರೈಂಡಿಂಗ್ ಎಲ್ಲ ಅಕ್ಕಪಕ್ಕದಲ್ಲೇ ಇವೆ. ಹೆಡ್ಡಿನ ಪೋರ್ಟ್ (ಸಿಲಿಂಡರ್‌ಗೆ ಗಾಳಿ ಹೋಗುವ ದಾರಿ) ಅಗಲ ಮಾಡಿಸಿದ್ದು, ಥ್ರಾಟಲ್ ಬಾಡಿಗೆ (ಪೆಡಲ್‌ಗೆ ತಕ್ಕಂತೆ ಗಾಳಿ ಬಿಡುವ ಬಾಗಿಲು) ಅಡಾಪ್ಟರ್ ಕಡೆಸಿದ್ದು ಎಲ್ಲ ಅಲ್ಲೇ. ಜಾಸ್ತಿ ಲಿಫ್ಟ್ ಇರುವ ಕ್ಯಾಮ್, ದೊಡ್ಡ ಇಂಜೆಕ್ಟರ್ (ಪೆಟ್ರೋಲ್ ಚಿಮ್ಮಿಸುವ ನಳಿಕೆ), ಉದ್ದ ಪೈಪಿನ ಎಗ್ಸಾಸ್ಟ್ ಹೆಡರ್ ಹಾಕಿದ ಮೇಲೆ ಕಂಪನಿಯ ಇಸಿಯು ಇದನ್ನು ಸಂಭಾಳಿಸುವುದಿಲ್ಲ. ಹಾಗಾಗಿ ಅದರ ಜಾಗದಲ್ಲಿ ಸ್ಪೀಡುಯಿನೋ ಕೂತಿದೆ. ಆರ್ಡುಯಿನೋ ಮೆಗಾ ಬೋರ್ಡ್ ಮೇಲೆ ಓಡುವ ಇಸಿಯು ಅದು. ಪ್ರೋಗ್ರಾಂ ಎಲ್ಲರಿಗೂ ತೆರೆದಿದೆ. ಲ್ಯಾಪ್‌ಟಾಪ್‌ನಲ್ಲಿ ಟ್ಯೂನರ್‌ಸ್ಟುಡಿಯೋ ತೆರೆದು ಕೇಬಲ್ ಚುಚ್ಚಿದರೆ ಎಲ್ಲ ಟೇಬಲ್ ಕಣ್ಣ ಮುಂದೆ ಬರುತ್ತವೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಗಾಡಿ ರಸ್ತೆಯಲ್ಲಿ ಓಡುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಿಸಿ ಓಡಿಸುವಂತಿಲ್ಲ. ಮೈದಾನಕ್ಕೆ ಪಿಕಪ್ ಮೇಲೆ ಹೇರಿಕೊಂಡು ಹೋಗುತ್ತೇವೆ. ಟ್ಯೂನಿಂಗ್ ಓಡಾಟಕ್ಕೆ ಗೆಳೆಯನ ಮಾವನ ಲೇಔಟ್ ಇದೆ. ಊರ ಹೊರಗೆ ಎನ್ಎ ಆಗಿ, ಡಾಂಬರು ಬಿದ್ದು, ಇನ್ನೂ ಒಂದು ಮನೆಯೂ ಏಳದ ಜಾಗ. ಗೇಟ್ ಹಾಕಿಕೊಂಡರೆ ಒಳಗೆ ಒಂದು ನಾಯಿಯೂ ಬರುವುದಿಲ್ಲ. ಗೆಳೆಯ ಓಡಿಸುತ್ತಾನೆ, ನಾನು ಪಕ್ಕದ ಸೀಟಿನಲ್ಲಿ ಲ್ಯಾಪ್‌ಟಾಪ್ ಹಿಡಿಯುತ್ತೇನೆ. ಓಡಿಸುವವನೇ ಸ್ಕ್ರೀನ್ ನೋಡುವುದು ಖಂಡಿತ ಬೇಡ, ಖಾಲಿ ರಸ್ತೆಯಾದರೂ ಬೇಡ.

ಗ್ಯಾಪ್ ಅಂದ ತಕ್ಷಣ ಎಲ್ಲರೂ ಹೇಳಿದ್ದು ಒಂದೇ: ಪೆಟ್ರೋಲ್ ಸಾಲುತ್ತಿಲ್ಲ, ಎನ್‌ರಿಚ್‌ಮೆಂಟ್ (ತುಳಿದಾಗ ಕೊಡುವ ಹೆಚ್ಚುವರಿ ಪೆಟ್ರೋಲ್) ಹೆಚ್ಚಿಸು. ಈ ಮಾತಿಗೆ ಕಾರಣವೂ ಇದೆ. ಇಂಜೆಕ್ಟರ್ ಬಿಟ್ಟ ಪೆಟ್ರೋಲ್ ಎಲ್ಲ ನೇರ ಸಿಲಿಂಡರ್‌ಗೆ ಹೋಗುವುದಿಲ್ಲ. ಒಂದಿಷ್ಟು ಪೋರ್ಟಿನ ಗೋಡೆಗೆ, ವಾಲ್ವಿನ ಬೆನ್ನಿಗೆ ತೆಳ್ಳಗೆ ಅಂಟಿಕೊಳ್ಳುತ್ತದೆ. ಪೆಡಲ್ ಬಿಟ್ಟಾಗ ಮ್ಯಾನಿಫೋಲ್ಡ್‌ನಲ್ಲಿ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಪೈಪು) ಒತ್ತಡ ಕಡಿಮೆ, ಆ ಪೆಟ್ರೋಲ್ ಬೇಗ ಆವಿಯಾಗುತ್ತದೆ, ಪದರ ತೆಳುವಾಗಿರುತ್ತದೆ. ಪೆಡಲ್ ತುಳಿದರೆ ಒತ್ತಡ ಏರುತ್ತದೆ, ಆವಿಯಾಗುವುದು ತಗ್ಗುತ್ತದೆ, ಪದರ ದಪ್ಪವಾಗಬೇಕಾಗುತ್ತದೆ. ಅಷ್ಟು ಪೆಟ್ರೋಲ್ ಗೋಡೆಯ ಪಾಲಾದರೆ ಸಿಲಿಂಡರ್‌ಗೆ ಹೋಗುವುದು ಬರೀ ಗಾಳಿ ಜಾಸ್ತಿ ಇರುವ ಮಿಕ್ಸ್ಚರ್. ನಮ್ಮ ಗ್ಯಾರೇಜ್ ಕಾಕಾ ನಾಲ್ಕು ಮಾತಿನಲ್ಲಿ ಇದನ್ನು ಮುಗಿಸಿದರು. "ತಮ್ಮಾ, ಹೊಸ ಮಡಕಿಗೆ ನೀರ ಹಾಕಿದ್ರ ಮೊದ್ಲ ಮಡಕೀನ ಕುಡಿತೈತಿ. ಅದು ಕುಡದು ಉಳದದ್ದಷ್ಟ ನಿನಗ." ಕಾಕಾ ಒಂದು ಕಾಲದಲ್ಲಿ ಪ್ರೀಮಿಯರ್ 118 ಎನ್ಇ ಮತ್ತು ಮಾರುತಿ 800ರ ಕಾರ್ಬೊರೇಟರ್ ಬಿಚ್ಚಿ ಜೋಡಿಸಿದವರು. ಲ್ಯಾಪ್‌ಟಾಪ್ ಮುಟ್ಟುವುದಿಲ್ಲ. ಆದರೆ ಆ ಗೋಡೆಯ ಲೆಕ್ಕ ಅವರಿಗೆ ಪುಸ್ತಕ ಓದಿದವರಿಗಿಂತ ಚೆನ್ನಾಗಿ ಗೊತ್ತು.

ಆದರೆ ಈ ಗಾಡಿಯ ಗ್ಯಾಪ್ ಬಾಯಾರಿಕೆಯದ್ದಾಗಿರಲಿಲ್ಲ. ಪ್ಲಗ್ ಬಿಚ್ಚಿದರೆ ನಾಲ್ಕೂ ಕಪ್ಪು, ಒಣ ಮಸಿ. ಡಿಪ್‌ಸ್ಟಿಕ್ ಮೂಗಿಗೆ ಹಿಡಿದರೆ ಆಯಿಲ್‌ನಲ್ಲಿ ಪೆಟ್ರೋಲ್ ವಾಸನೆ. ಗಾಡಿಯ ಜೊತೆ ಹಿಂದಿನವರಿಂದ ಬಂದ ಫೈಲ್ ತೆರೆದು ನೋಡಿದಾಗ ಅರ್ಥವಾಯಿತು. ಬೇರೆ ಊರಿನಲ್ಲಿ ಯಾರೋ ಹಾಕಿಕೊಟ್ಟ ಟ್ಯೂನ್ ಅದು. ಪೆಡಲ್ ಎಷ್ಟು ವೇಗವಾಗಿ ಕದಲಿತು ಅನ್ನುವುದಕ್ಕೆ ಟಿಪಿಎಸ್ (ಥ್ರಾಟಲ್ ಎಷ್ಟು ತೆರೆದಿದೆ ಅಂತ ಹೇಳುವ ಸೆನ್ಸರ್) ಡಾಟ್ ಅಂತ ಒಂದು ಅಳತೆ ಇದೆ, ಸೆಕೆಂಡಿಗೆ ಎಷ್ಟು ಶೇಕಡಾ ಅಂತ. ಸೆಕೆಂಡಿಗೆ ಶೇ 100 ಅಂದರೆ ನಿಧಾನ ತುಳಿತ. ಅದಕ್ಕೇ ಶೇ 60 ಹೆಚ್ಚುವರಿ ಪೆಟ್ರೋಲ್ ಇಟ್ಟಿದ್ದರು. 450ಕ್ಕೆ ಶೇ 180. ಅದೂ ಪ್ರತಿ ಸಲ 800 ಮಿಲಿಸೆಕೆಂಡ್ ಹೊತ್ತು. ಇದು ಸಾಲದು ಅಂತ ತಣ್ಣಗಿನ ಇಂಜಿನ್‌ಗೆ ಹೆಚ್ಚುವರಿ ಪೆಟ್ರೋಲ್ ಕೊಡುವ ವಾರ್ಮ್‌ಅಪ್ ಟೇಬಲ್‌ನಲ್ಲಿ 80 ಡಿಗ್ರಿಯಲ್ಲೂ 112 ಇತ್ತು. ಕಾದ ಇಂಜಿನ್‌ಗೆ ಅದು 100 ಇರಬೇಕು, ಅಂದರೆ ಹೆಚ್ಚುವರಿ ಏನೂ ಇಲ್ಲ. ಇಲ್ಲಿ ಮೂಲ ಮ್ಯಾಪ್ (ಯಾವ ಆರ್‌ಪಿಎಂ, ಎಷ್ಟು ಲೋಡ್‌ಗೆ ಎಷ್ಟು ಪೆಟ್ರೋಲ್ ಅನ್ನುವ ಟೇಬಲ್) ಸುಮಾರು ಶೇ 11 ಕಡಿಮೆ ಇದೆ, ಆ ಕೊರತೆಯನ್ನು ವಾರ್ಮ್‌ಅಪ್ ಮುಚ್ಚಿಕೊಂಡಿದೆ. ಗ್ಯಾಪ್ ಬಂದಾಗಲೆಲ್ಲ ಮೇಲೆ ಮೇಲೆ ಸುರಿಯುತ್ತಾ ಹೋಗಿದ್ದರು.

ಹಾಗಾಗಿ ಎನ್‌ರಿಚ್‌ಮೆಂಟ್ ಮುಟ್ಟುವ ಮೊದಲು ಕೆಳಗಿನಿಂದ ಕಟ್ಟಿಕೊಂಡು ಬರಲು ನಿರ್ಧರಿಸಿದೆ. ಮೊದಲು ಸೆನ್ಸರ್. ಕೂಲೆಂಟ್ ಸೆನ್ಸರ್ ಬಿಚ್ಚಿ, ಮಲ್ಟಿಮೀಟರ್ ಹಚ್ಚಿ, ನೀರಿನ ಪಾತ್ರೆಯಲ್ಲಿ ಇಳಿಬಿಟ್ಟು ಥರ್ಮಾಮೀಟರ್ ಜೊತೆ ಹೋಲಿಸಿದೆ. 20 ಡಿಗ್ರಿಯಲ್ಲಿ ಸುಮಾರು 2.5 ಕಿಲೋ ಓಮ್, ಕುದಿಯುವಾಗ 200ರ ಆಸುಪಾಸು. ಅಂದಹಾಗೆ ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು 100ಕ್ಕಲ್ಲ, ಸುಮಾರು 97.5 ಡಿಗ್ರಿಗೇ ಕುದಿಯುತ್ತದೆ. ಕುದಿಯುವ ನೀರೇ 100 ಅಂತ ಹಿಡಿದು ಸೆನ್ಸರ್ ಅಳೆಯುವವರು ಇದನ್ನು ಗಮನಿಸಬೇಕು.

ಆಮೇಲೆ ವೈಡ್‌ಬ್ಯಾಂಡ್, ಅಂದರೆ ಹೊಗೆಯಲ್ಲಿನ ಆಮ್ಲಜನಕ ನೋಡಿ ಗಾಳಿ-ಪೆಟ್ರೋಲ್ ಪ್ರಮಾಣ ಅಳೆಯುವ ಸೆನ್ಸರ್. ಬಾಷ್ ಎಲ್ಎಸ್‌ಯು 4.9 ಸೆನ್ಸರ್ ಅನ್ನು ಹೆಡರ್‌ನ ನಾಲ್ಕೂ ಪೈಪ್ ಸೇರಿದ ಮೇಲೆ ಕೂರಿಸಿದೆವು. ಮಲಗಿಸಿ ಹಾಕಬಾರದು. ಕನಿಷ್ಠ 10 ಡಿಗ್ರಿಯಾದರೂ ಮೇಲಕ್ಕೆ ಎತ್ತಿರಬೇಕು, ಇಲ್ಲದಿದ್ದರೆ ಬೆಳಗಿನ ತೇವ ಒಳಗೆ ನಿಂತು ಬಿಸಿ ಸೆರಾಮಿಕ್ ಸೀಳುತ್ತದೆ. ಹೆಡರ್ ಗ್ಯಾಸ್ಕೆಟ್‌ನಲ್ಲಿ ಸಣ್ಣ ಸೋರಿಕೆ ಇದ್ದರೂ ಹೊರಗಿನ ಗಾಳಿ ಸೇರಿ ಸುಳ್ಳು ಲೀನ್ (ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ) ತೋರಿಸುತ್ತದೆ. ಅದಕ್ಕೇ ಸೋಪಿನ ನೀರು ಹಚ್ಚಿ ಜಾಯಿಂಟ್‌ಗಳನ್ನೆಲ್ಲ ನೋಡಿಕೊಂಡೆವು.

ಮೀಟರನ್ನು ಎಎಫ್ಆರ್ (ಗಾಳಿ-ಇಂಧನದ ಅನುಪಾತ) ಬದಲು ಲ್ಯಾಂಬ್ಡಾಕ್ಕೆ ಇಟ್ಟುಕೊಂಡೆ. ಕಾರಣ ಇ20, ಶೇ 20 ಎಥನಾಲ್ ಬೆರೆತ ಪೆಟ್ರೋಲ್. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾದ ಆ ಪೆಟ್ರೋಲ್ ಈಗ ಬಂಕ್‌ಗಳಲ್ಲಿ ಎಲ್ಲೆಡೆ ಇದೆ. ಅದರಲ್ಲಿನ ಎಥನಾಲ್ ನಮ್ಮ ಬೆಳಗಾವಿ, ಬಾಗಲಕೋಟೆ ಕಡೆಯ ಕಬ್ಬಿನಿಂದಲೂ ಬರುತ್ತದೆ. ಶುದ್ಧ ಪೆಟ್ರೋಲ್‌ಗೆ ಗಾಳಿ-ಇಂಧನದ ಸಮ ಪ್ರಮಾಣ (ತೂಕದಲ್ಲಿ ಒಂದು ಪಾಲು ಇಂಧನ ಪೂರ್ತಿ ಉರಿಯಲು ಬೇಕಾದ ಗಾಳಿ) 14.7. ಎಥನಾಲ್‌ಗೆ 9. ಎರಡನ್ನೂ ಬೆರೆಸಿದ ಇ20ಗೆ ಅದು ಸುಮಾರು 13.5. ಮೀಟರ್ ಮಾತ್ರ ಹಳೆಯ 14.7ರ ಲೆಕ್ಕದಲ್ಲೇ ತೋರಿಸುತ್ತಿರುತ್ತದೆ. ಲ್ಯಾಂಬ್ಡಾ ಆದರೆ ಈ ಗೊಂದಲ ಇಲ್ಲ. ಯಾವ ಪೆಟ್ರೋಲ್ ಇರಲಿ, 1 ಅಂದರೆ ಸಮ, ಅದಕ್ಕಿಂತ ಕಡಿಮೆ ಇದ್ದರೆ ರಿಚ್ (ಪೆಟ್ರೋಲ್ ಹೆಚ್ಚು), ಜಾಸ್ತಿ ಇದ್ದರೆ ಲೀನ್.

ಈಗ ಎನ್‌ರಿಚ್‌ಮೆಂಟ್ ಪೂರ್ತಿ ಬಂದ್ ಮಾಡಿ ಮೂಲ ಮ್ಯಾಪ್. ವಾರ್ಮ್‌ಅಪ್ ಕೊನೆಯನ್ನು 100ಕ್ಕೆ ಇಳಿಸಿ, ಇಡೀ ವಿಇ ಟೇಬಲ್ ಅನ್ನು, ಅಂದರೆ ಮೂಲ ಮ್ಯಾಪನ್ನು, 1.12ರಿಂದ ಗುಣಿಸಿದೆ. ಆಮೇಲೆ ಗೆಳೆಯ ಮೂರನೇ ಗೇರಿನಲ್ಲಿ ಆರ್‌ಪಿಎಂ ಹಿಡಿದು, ಲೇಔಟಿನ ಏರಿನಲ್ಲಿ ನಿಧಾನವಾಗಿ ಲೋಡ್ ಹೆಚ್ಚಿಸುತ್ತಾ ಹೋದ. ಪೆಡಲ್ ಮೇಲೆ ಕಾಲು ಕದಲಬಾರದು. ಕದಲಿದರೆ ಆ ಓದು ಲೆಕ್ಕಕ್ಕಿಲ್ಲ. ಹಗುರ ಓಟದಲ್ಲಿ ಲ್ಯಾಂಬ್ಡಾ 1ರ ಹತ್ತಿರ, ಪೂರ್ತಿ ತುಳಿದಾಗ 0.88. ಈ ಕೆಲಸ ಬೇಸರದ್ದು, ನಿಧಾನದ್ದು. ಆದರೆ ಇದನ್ನು ಬಿಟ್ಟು ಎನ್‌ರಿಚ್‌ಮೆಂಟ್‌ಗೆ ಹೋಗುವುದು ನನ್ನ ಪ್ರಕಾರ ಇಂಜಿನ್‌ಗೆ ಮಾಡುವ ಅನ್ಯಾಯ. ಕೆಳಗಿನ ಮ್ಯಾಪ್ ಲೀನ್ ಇದ್ದರೆ ಪೆಡಲ್ ತುಳಿದ ಮೇಲೂ ಅದು ಲೀನ್ ಆಗಿಯೇ ಉಳಿಯುತ್ತದೆ. ಆಗ ನೀವು ಎನ್‌ರಿಚ್‌ಮೆಂಟ್ ಸಮಯವನ್ನು ಉದ್ದ ಮಾಡುತ್ತಾ ಹೋಗುತ್ತೀರಿ. ಹಿಂದಿನ ಫೈಲ್‌ನ 800 ಮಿಲಿಸೆಕೆಂಡ್ ಹುಟ್ಟಿದ್ದು ಹೀಗೇ ಇರಬೇಕು.

ಇಲ್ಲಿಗೆ ಬಂದ ಮೇಲೆ ನಿಜವಾದ ಕೆಲಸ ಶುರು. ಮೊದಲ ಪ್ರಶ್ನೆ, ಎನ್‌ರಿಚ್‌ಮೆಂಟ್ ಯಾವುದನ್ನು ನೋಡಿ ಕೆಲಸ ಮಾಡಬೇಕು? ಮ್ಯಾನಿಫೋಲ್ಡ್ ಒತ್ತಡವನ್ನೋ, ಥ್ರಾಟಲ್ ಅನ್ನೋ? ನಮ್ಮ ಕ್ಯಾಮ್‌ನಲ್ಲಿ ಇನ್‌ಲೆಟ್, ಎಗ್ಸಾಸ್ಟ್ ವಾಲ್ವ್‌ಗಳು ಒಟ್ಟಿಗೆ ತೆರೆದಿರುವ ಹೊತ್ತು ಜಾಸ್ತಿ. ಹಾಗಾಗಿ ಐಡಲ್‌ನಲ್ಲೇ ಒತ್ತಡದ ಓದು ಮೇಲೆ ಕೆಳಗೆ ಕುಣಿಯುತ್ತದೆ. ಅದನ್ನು ನಂಬಿದರೆ ಗಾಡಿ ನಿಂತಲ್ಲೇ ಎನ್‌ರಿಚ್‌ಮೆಂಟ್ ಆನ್ ಆಫ್ ಆಗುತ್ತಿರುತ್ತದೆ. ಥ್ರಾಟಲ್ ಅನ್ನೇ ಆರಿಸಿಕೊಂಡೆವು.

ಆದರೆ ಅದರಲ್ಲೂ ನಡುಕ ಇತ್ತು. ಪೆಡಲ್ ಯಾರೂ ಮುಟ್ಟದಿದ್ದರೂ ಲಾಗ್‌ನಲ್ಲಿ (ಲ್ಯಾಪ್‌ಟಾಪ್ ದಾಖಲಿಸಿದ ಓದುಗಳಲ್ಲಿ) ಟಿಪಿಎಸ್ ಗೆರೆ ಸಣ್ಣಗೆ ಹಲ್ಲು ಹಲ್ಲಾಗಿ ಬರುತ್ತಿತ್ತು. ಅರ್ಧ ಶೇಕಡಾ ನಡುಕವೂ ಬಹಳ ಸಣ್ಣ ಹೊತ್ತಿನಲ್ಲಿ ಆದರೆ ಟಿಪಿಎಸ್ ಡಾಟ್‌ನಲ್ಲಿ ದೊಡ್ಡ ಸಂಖ್ಯೆಯಾಗಿ ಕಾಣುತ್ತದೆ. ವೈರಿಂಗ್ ಹಿಡಿದು ಹೋದರೆ ಟಿಪಿಎಸ್‌ನ ಅರ್ಥಿಂಗ್ ವೈರ್ ಇಂಜಿನ್ ಬ್ಲಾಕ್‌ಗೆ ಹೋಗಿತ್ತು, ಇಗ್ನಿಷನ್ ಕಾಯಿಲ್ ಇರುವ ಅದೇ ಬೋಲ್ಟ್‌ಗೆ. ಅದನ್ನು ಬಿಚ್ಚಿ ಇಸಿಯುವಿನ ಸೆನ್ಸರ್ ಗ್ರೌಂಡ್‌ಗೆ ಸೋಲ್ಡರ್ ಮಾಡಿದ ಮೇಲೆ ಗೆರೆ ನೇರವಾಯಿತು. ಆಗ ಸೆಕೆಂಡಿಗೆ ಶೇ 60ಕ್ಕಿಂತ ಕಡಿಮೆ ಚಲನೆಗೆ ಎನ್‌ರಿಚ್‌ಮೆಂಟ್ ಬೇಡ ಅಂತ ಮಿತಿ ಹಾಕಲು ಸಾಧ್ಯವಾಯಿತು.

ಎನ್‌ರಿಚ್‌ಮೆಂಟ್ ಸೊನ್ನೆ ಇಟ್ಟೇ ಮೊದಲ ಪರೀಕ್ಷೆ. ಮೂರನೇ ಗೇರ್, 2200 ಆರ್‌ಪಿಎಂ. ಗೆಳೆಯ ಪೆಡಲನ್ನು ಶೇ 9ರಿಂದ 58ಕ್ಕೆ ತುಳಿದ, ಸುಮಾರು 0.2 ಸೆಕೆಂಡಿನಲ್ಲಿ. ಅಂದರೆ ಸೆಕೆಂಡಿಗೆ ಶೇ 245. ಇನ್‌ಟೇಕ್‌ನಿಂದ 'ಪಕ್' ಅಂತ ಒಂದು ಸದ್ದು ಬಂತು, ಗಾಡಿ ತಡವರಿಸಿತು. ಲಾಗ್‌ನಲ್ಲಿ ಲ್ಯಾಂಬ್ಡಾ 1.28ರ ವರೆಗೆ ಜಿಗಿದು ಆಮೇಲೆ 0.9ಕ್ಕೆ ಬಂದು ಕೂತಿದೆ. ಇದು ನಿಜವಾದ ಬಾಯಾರಿಕೆಯ ಗ್ಯಾಪ್. ಹೋಲಿಕೆಗೆ ಹಳೆಯ ಫೈಲ್‌ನ ಲಾಗ್ ಪಕ್ಕದಲ್ಲಿಟ್ಟೆ. ಅದೇ ತುಳಿತಕ್ಕೆ ಅಲ್ಲಿ ಲ್ಯಾಂಬ್ಡಾ 0.70ಕ್ಕೆ ಬಿದ್ದಿತ್ತು. ಎರಡೂ ಗ್ಯಾಪೇ. ಸೀಟಿನಲ್ಲಿ ಕೂತವನಿಗೆ ಎರಡೂ ಹತ್ತಿರ ಹತ್ತಿರ ಒಂದೇ ರೀತಿ ಅನ್ನಿಸುತ್ತವೆ. ಕಾಕಾಗೆ ಮಾತ್ರ ಹೊರಗೆ ನಿಂತೇ ತಿಳಿಯುತ್ತಿತ್ತು. "ಒಣಾ ಇದ್ರ ಗಂಟ್ಲಾಗಿಂದ ಕೆಮ್ಮತೈತಿ. ಹೆಚ್ಚಾದ್ರ ಹೊಟ್ಟಿ ತುಂಬಿ ಗುಂಯ್ ಅಂತೈತಿ, ಹಿಂದ ಕರೇ ಹೊಗಿ ಬಿಡ್ತೈತಿ" ಅಂದರು. ಲಾಗ್ ತೆರೆದು ನೋಡಿದರೆ ಪ್ರತಿ ಸಲವೂ ಅವರು ಹೇಳಿದ್ದೇ ಸರಿ.

ಲಾಗ್ ಓದುವಾಗ ಒಂದು ವಿಷಯ ನೆನಪಿರಬೇಕು. ಪೆಡಲ್ ಗೆರೆ ಮತ್ತು ಲ್ಯಾಂಬ್ಡಾ ಗೆರೆ ಒಂದೇ ಕ್ಷಣದ್ದಲ್ಲ. ಬಿಟ್ಟ ಪೆಟ್ರೋಲ್ ಒಳಗೆ ಹೋಗಿ, ಉರಿದು, ಹೊರಬರಲು ಇಂಜಿನ್ ಎರಡು ಸುತ್ತು ಹಾಕಬೇಕು. 2000 ಆರ್‌ಪಿಎಂನಲ್ಲಿ ಅದಕ್ಕೇ 60 ಮಿಲಿಸೆಕೆಂಡ್ ಬೇಕು. ಆಮೇಲೆ ಹೊಗೆ ಪೈಪಿನಲ್ಲಿ ಸೆನ್ಸರ್ ತನಕ ಬರಬೇಕು, ಸೆನ್ಸರ್ ಎಚ್ಚರಾಗಬೇಕು. ಕಡಿಮೆ ಆರ್‌ಪಿಎಂನಲ್ಲಿ ಒಟ್ಟು ತಡ ಇನ್ನೂ ಜಾಸ್ತಿ. ಹಾಗಾಗಿ ಲೀನ್ ಗುಡ್ಡ ಕಂಡ ಜಾಗದಿಂದ ಸ್ವಲ್ಪ ಹಿಂದಕ್ಕೆ ಸರಿದು, ಆಗ ಪೆಡಲ್ ಎಲ್ಲಿತ್ತು ಅಂತ ನೋಡಬೇಕು.

ಇಲ್ಲಿಂದ ಮುಂದೆ ತಾಳ್ಮೆಯ ಕೆಲಸ. ಒಂದು ಸಲಕ್ಕೆ ಒಂದೇ ಸಂಖ್ಯೆ ಬದಲಿಸಬೇಕು. ಅದೇ ಗೇರ್, ಅದೇ ಆರ್‌ಪಿಎಂ, ಅದೇ ತುಳಿತ. ಟಿಪಿಎಸ್ ಡಾಟ್ 250ರ ಜಾಗಕ್ಕೆ ಶೇ 20 ಹೆಚ್ಚುವರಿ ಹಾಕಿದಾಗ ಗುಡ್ಡ ತಗ್ಗಿತು. 30ಕ್ಕೆ ಇನ್ನೂ ತಗ್ಗಿತು. 40ಕ್ಕೆ ಗೆರೆ ಸರಿಸುಮಾರು ನೇರವಾಯಿತು. 50ಕ್ಕೆ ಕೆಳಗೆ ಗುಂಡಿ ಬಿತ್ತು. ಹಾಗಾಗಿ 40. ಗೆರೆ ಕಾಗದದ ಮೇಲೆ ಎಳೆದಂತೆ ನೇರ ಬರಲಿ ಅಂತ ಹಠ ಹಿಡಿಯಬಾರದು. ತುಳಿದ ಕ್ಷಣ ಸ್ವಲ್ಪ ರಿಚ್ ಕಡೆಗೆ, 0.85ರ ಹತ್ತಿರ ಬಾಗಿದರೆ ಇಂಜಿನ್ ಚೆನ್ನಾಗಿ ಎಳೆಯುತ್ತದೆ.

ಗೆರೆಯ ಆಕಾರ ತುಂಬಾ ಹೇಳುತ್ತದೆ. ಮೊದಲೇ ಲೀನ್ ಗುಡ್ಡ ಬಂದರೆ ಪ್ರಮಾಣ ಕಡಿಮೆ. ಮೊದಲು ಸರಿ ಇದ್ದು ಆಮೇಲೆ ಲೀನ್ ಆದರೆ ಪ್ರಮಾಣ ಸರಿ, ಸಮಯ ಸಾಲದು. ಮೊದಲು ಸರಿ ಇದ್ದು ಬಾಲದಲ್ಲಿ ರಿಚ್ ಆದರೆ ಸಮಯ ಉದ್ದ. ನಮಗೆ ಕೊನೆಗೆ ಸಾಕಾಗಿದ್ದು 250 ಮಿಲಿಸೆಕೆಂಡ್. ನಿಧಾನ ತುಳಿತಕ್ಕೆ, ಅಂದರೆ 100ಕ್ಕೆ, ಶೇ 12 ಸಾಕಾಯಿತು. 450ಕ್ಕೆ 70, ಪೂರ್ತಿ ಒದ್ದಾಗ 95. ಹಳೆಯ ಫೈಲ್‌ನ 60, 180ರ ಪಕ್ಕದಲ್ಲಿ ಇವನ್ನು ಇಟ್ಟು ನೋಡಿ. ಇನ್ನೊಂದು, ಆರ್‌ಪಿಎಂ ಏರಿದಂತೆ ಗಾಳಿಯ ವೇಗ ಜಾಸ್ತಿ, ಇಂಜೆಕ್ಟರ್ ಕೂಡ ಸೆಕೆಂಡಿಗೆ ಹೆಚ್ಚು ಸಲ ತೆರೆಯುತ್ತದೆ, ಗೋಡೆಯ ಕೊರತೆ ಬೇಗ ತುಂಬುತ್ತದೆ. ಹಾಗಾಗಿ 2500ರ ತನಕ ಪೂರ್ತಿ ಕೊಟ್ಟು, ಅಲ್ಲಿಂದ ಇಳಿಸುತ್ತಾ 6000ಕ್ಕೆ ಸೊನ್ನೆ ಮಾಡಿದೆ. ನನ್ನ ಸಂಖ್ಯೆಗಳನ್ನು ಹಾಗೇ ಎತ್ತಿ ಹಾಕಿಕೊಳ್ಳಬೇಡಿ. ಇಂಜೆಕ್ಟರ್ ಎಲ್ಲಿ ಕೂತಿದೆ, ಪೋರ್ಟ್ ಎಷ್ಟು ಅಗಲ ಅನ್ನುವುದರ ಮೇಲೆ ಎಲ್ಲ ಬದಲಾಗುತ್ತದೆ.

ತಣ್ಣಗಿನ ಇಂಜಿನ್‌ನದ್ದು ಬೇರೆಯೇ ಕಥೆ. ಅದು ದಿನಕ್ಕೆ ಒಂದೇ ಸಲ ಸಿಗುತ್ತದೆ! ಬೆಳಿಗ್ಗೆ ಸೆಲ್ಫ್ ಹೊಡೆದರೆ ಮುಗಿಯಿತು, ಮತ್ತೆ ನಾಳೆಯೇ. ಡಿಸೆಂಬರ್ ಬೆಳಗ್ಗೆ ಬೆಳಗಾವಿಯಲ್ಲಿ ಚಳಿ 15 ಡಿಗ್ರಿಯ ಹತ್ತಿರ ಇರುತ್ತದೆ. ಆ ಚಳಿಗೆ ಇ20 ಇನ್ನಷ್ಟು ಕಾಡುತ್ತದೆ. ಆವಿಯಾಗಲು ಎಥನಾಲ್‌ಗೆ ಪೆಟ್ರೋಲ್‌ಗಿಂತ ಎರಡು ಪಟ್ಟಿಗೂ ಹೆಚ್ಚು ಶಾಖ ಬೇಕು. ಸೆಲ್ಫ್ ಹೊಡೆಯುವಾಗ ಬ್ಯಾಟರಿ 9.5 ವೋಲ್ಟ್‌ಗೆ ಇಳಿಯುತ್ತದೆ, ಇಂಜೆಕ್ಟರ್ ತೆರೆಯುವುದೂ ತಡವಾಗುತ್ತದೆ. ಆ ತಡಕ್ಕೆ ಬೇರೆ ಟೇಬಲ್ ಇದೆ, ಅದನ್ನು ಮೊದಲು ಸರಿ ಮಾಡಿಕೊಳ್ಳಬೇಕು. ವೈಡ್‌ಬ್ಯಾಂಡ್ ಆಗ ಇನ್ನೂ ಕಾದಿರುವುದಿಲ್ಲ. ಹಾಗಾಗಿ ಸ್ಟಾರ್ಟಿಂಗ್ ಪೂರ್ತಿ ಕಿವಿಯ ಕೆಲಸ. ಕಾಕಾ ಬಾನೆಟ್ ಮುಂದೆ ನಿಂತು ಕೇಳುತ್ತಿದ್ದರು, ನಾನು ಸಂಖ್ಯೆ ಬರೆದುಕೊಳ್ಳುತ್ತಿದ್ದೆ. ಸ್ಟಾರ್ಟ್ ಆದ ಮೇಲಿನ ಕೆಲವು ಸೆಕೆಂಡುಗಳಿಗೆ ಒಂದು ಎನ್‌ರಿಚ್‌ಮೆಂಟ್, ಅದು ಇಳಿದ ಮೇಲೆ ವಾರ್ಮ್‌ಅಪ್. 15 ಡಿಗ್ರಿಗೆ 150, 40ಕ್ಕೆ 118, 70ಕ್ಕೆ 100. ಪೆಡಲ್ ಎನ್‌ರಿಚ್‌ಮೆಂಟ್‌ಗೂ ತಣ್ಣಗಿದ್ದಾಗ ಬೇರೆ ಗುಣಕ ಬೇಕು. ತಣ್ಣಗಿನ ಗೋಡೆ ಜಾಸ್ತಿ ಕುಡಿಯುತ್ತದೆ.

ಇಷ್ಟಾದ ಮೇಲೆ ಗೋವಾ ಕಡೆಯ ಒಂದು ಮಣ್ಣಿನ ಮೈದಾನಕ್ಕೆ ಪಿಕಪ್ ಮೇಲೆ ಗಾಡಿ ಹೇರಿಕೊಂಡು ಚೋರ್ಲಾ ಘಾಟ್ ಇಳಿದೆವು. ಈ ಇಳಿತವನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡಿದ್ದೆ. ಬೆಳಗಾವಿಯಲ್ಲಿ ಕೀ ಆನ್ ಮಾಡಿದಾಗ ಗಾಳಿಯ ಒತ್ತಡ 93 ಕಿಲೋಪ್ಯಾಸ್ಕಲ್ ತೋರಿಸುತ್ತದೆ. ಪೂರ್ತಿ ಪೆಡಲ್ ತುಳಿದರೂ ಮ್ಯಾನಿಫೋಲ್ಡ್ ಅದಕ್ಕಿಂತ ಮೇಲೆ ಏರುವುದಿಲ್ಲ. ಅಂದರೆ ವಿಇ ಟೇಬಲ್‌ನ 100 ಕಿಲೋಪ್ಯಾಸ್ಕಲ್ ಸಾಲನ್ನು ನಮ್ಮೂರಿನಲ್ಲಿ ಯಾವ ಇಂಜಿನ್ನೂ ಮುಟ್ಟುವುದಿಲ್ಲ, ಟರ್ಬೊ ಇದ್ದರೆ ಬಿಟ್ಟು. ಸಮುದ್ರ ದಂಡೆಯಲ್ಲಿ 101 ಇರುತ್ತದೆ. ಅಲ್ಲಿ ಮೊದಲ ಸಲ ಪೂರ್ತಿ ತುಳಿದಾಗ ಇಂಜಿನ್ ಯಾರೂ ನೋಡದ ಆ ಸಾಲಿಗೆ ನುಗ್ಗುತ್ತದೆ. ಅಲ್ಲಿ ಹಳೆಯ ಕಡಿಮೆ ಸಂಖ್ಯೆ ಉಳಿದಿದ್ದರೆ ಪೂರ್ತಿ ಲೋಡಿನಲ್ಲಿ ಲೀನ್, ಆಮೇಲೆ ನಾಕಿಂಗ್ (ಸಿಲಿಂಡರ್ ಒಳಗೆ ಹಿಡಿತವಿಲ್ಲದೆ ಬಡಿಯುವ ಉರಿ), ಆಮೇಲೆ ಪಿಸ್ಟನ್ ಹಾಳು. ಹಾಗಾಗಿ ಹೊರಡುವ ಮೊದಲೇ 90ರ ಸಾಲಿನ ಏರಿಕೆ ನೋಡಿಕೊಂಡು 100ರ ಸಾಲನ್ನು ಸ್ವಲ್ಪ ರಿಚ್ ಕಡೆಗೇ ತುಂಬಿದ್ದೆ. ಮೈದಾನದಲ್ಲಿ ಲಾಗ್ ಹಾಕಿ ನೋಡಿದರೆ 0.84. ಅಲ್ಲೇ ಒಂದಿಷ್ಟು ಇಳಿಸಿ 0.87ಕ್ಕೆ ತಂದೆವು. ಪೆಡಲ್ ಎನ್‌ರಿಚ್‌ಮೆಂಟ್ ಮುಟ್ಟುವ ಅಗತ್ಯವೇ ಬರಲಿಲ್ಲ. ಅದು ಮೂಲ ಪ್ರಮಾಣದ ಶೇಕಡಾ ಲೆಕ್ಕದಲ್ಲಿ ಇರುವುದರಿಂದ, ಮೂಲ ಸರಿ ಇದ್ದರೆ ಜೊತೆಗೇ ಹೊಂದಿಕೊಳ್ಳುತ್ತದೆ.

ಕೋನ್ ಸುತ್ತಿ ಬಂದು ತುಳಿದರೆ ಈಗ ಗಾಡಿ ತಡವಿಲ್ಲದೆ ಎಳೆಯುತ್ತದೆ. ಪ್ಲಗ್‌ಗಳು ತಿಳಿ ಕಂದು ಬಣ್ಣಕ್ಕೆ ಬಂದಿವೆ, ಆಯಿಲ್‌ನಲ್ಲಿ ಪೆಟ್ರೋಲ್ ವಾಸನೆ ಇಲ್ಲ. ಉಳಿದಿರುವುದು ಬಿಸಿ ಸ್ಟಾರ್ಟಿಂಗ್. ಓಡಿಸಿ ಬಂದು ಬಿಸಿಲಿನಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿದರೆ ಬಾನೆಟ್ ಒಳಗಿನ ಕಾವಿಗೆ ಗಾಳಿಯ ತಾಪಮಾನದ ಸೆನ್ಸರ್ ಬೆಂದು ಹೋಗಿರುತ್ತದೆ. ಗಾಳಿ ತುಂಬಾ ಬಿಸಿ ಅಂತ ತಿಳಿದು ಇಸಿಯು ಪೆಟ್ರೋಲ್ ಕಡಿಮೆ ಮಾಡುತ್ತದೆ, ಸ್ಟಾರ್ಟ್ ಆದ ಮೊದಲ ಅರ್ಧ ನಿಮಿಷ ಐಡಲ್ ನಡುಗುತ್ತದೆ. ಸೆನ್ಸರ್ ಅನ್ನು ಮ್ಯಾನಿಫೋಲ್ಡ್‌ನಿಂದ ಕಿತ್ತು ಫಿಲ್ಟರ್ ಕಡೆಯ ಪೈಪಿಗೆ ಹಾಕಲು ಉದ್ಯಮಬಾಗದಲ್ಲಿ ಒಂದು ಅಲ್ಯೂಮಿನಿಯಂ ಬಾಸ್ (ಸೆನ್ಸರ್ ಕೂರಿಸುವ ತುಂಡು) ಕಡೆಯಲು ಕೊಟ್ಟಿದ್ದೇನೆ. ಅದು ಬಂದ ಮೇಲೆ ಏಪ್ರಿಲ್ ಬಿಸಿಲಿನಲ್ಲೇ ಪರೀಕ್ಷೆ ಮಾಡಬೇಕು, ಮಳೆ ಹಿಡಿದರೆ ಆ ಕಾವು ಸಿಗುವುದಿಲ್ಲ.